ಓದುಗರ ಪ್ರಶ್ನೆ: 'ಕಾಮ್ರೇಡ್' ಅಂದ್ರೆ ಗೇ ಅಂತ ಹೇಗಾಯ್ತು?

ಪ್ರಶ್ನೆ: ತೈವಾನಿನ ಒಂದು ಸೀರಿಯಲ್ ನೋಡ್ತಿದ್ದೆ. ಸಬ್‌ಟೈಟಲ್‌ನಲ್ಲಿ ಗೇ ಅಂತ ಬರ್ತಿದೆ, ಬಾಯಲ್ಲಿ ಮಾತ್ರ 'ಟೊಂಗ್‌ಝಿ' ಅಂತಿದ್ದಾರೆ. ಅರ್ಥ ಹುಡುಕಿದ್ರೆ ಕಾಮ್ರೇಡ್ ಅಂತ ಬಂತು. ಕಮ್ಯುನಿಸ್ಟ್ ಪಾರ್ಟಿಯವರ ಪದ ಇವರಿಗೆ ಹೇಗೆ ಸಿಕ್ತು?

ಉತ್ತರ: ಟೊಂಗ್ ಅಂದ್ರೆ ಒಂದೇ, ಝಿ ಅಂದ್ರೆ ಗುರಿ, ಸಂಕಲ್ಪ. ಒಂದೇ ಗುರಿ ಇಟ್ಕೊಂಡವರು ಅಂತ ಅರ್ಥ. ಚೀನಾದಲ್ಲಿ ರಾಜರ ಆಳ್ವಿಕೆ ಕೊನೆಗಾಣಿಸಿದ ಕ್ರಾಂತಿಯ ನಾಯಕ ಸುನ್ ಯಾತ್-ಸೆನ್ ಕೊನೆಗಾಲದ ಮಾತು ಅಂತ ಅಲ್ಲಿ ಮಕ್ಕಳಿಗೂ ಗೊತ್ತಿರೋದು ಒಂದಿದೆ, ಕ್ರಾಂತಿ ಇನ್ನೂ ಮುಗಿದಿಲ್ಲ, ಟೊಂಗ್‌ಝಿಗಳು ಇನ್ನೂ ದುಡೀಬೇಕು ಅಂತ. ಆಮೇಲೆ ಮಾವೋ ಕಾಲದಲ್ಲಿ ಸಿಕ್ಕಸಿಕ್ಕವರೆಲ್ಲ ಒಬ್ಬರಿಗೊಬ್ಬರು ಟೊಂಗ್‌ಝಿನೇ. 1989ರಲ್ಲಿ ಹಾಂಗ್‌ಕಾಂಗ್‌ನ ರಂಗಕರ್ಮಿ ಎಡ್ವರ್ಡ್ ಲ್ಯಾಮ್ ಅಲ್ಲಿನ ಸಲಿಂಗಿಗಳ ಸಿನಿಮಾ ಉತ್ಸವಕ್ಕೆ ಈ ಪದ ಎತ್ಕೊಂಡ್ರು, ಆಗಿನ್ನೂ ಅಲ್ಲಿ ಗಂಡಸರಿಬ್ಬರ ಸಂಬಂಧ ಅಪರಾಧ, ಆ ಕಾನೂನು ಹೋಗಿದ್ದು 1991ರಲ್ಲಿ. ಅಲ್ಲಿಂದ ತೈವಾನ್, ಆಮೇಲೆ ಚೀನಾ. ಅದಕ್ಕೆ ಮುಂಚೆ ಇದ್ದ 'ಟೊಂಗ್‌ಶಿಂಗ್‌ಲಿಯೆನ್' (ಸಲಿಂಗಪ್ರೇಮ) ಅನ್ನೋ ಪದಕ್ಕೆ ಆಸ್ಪತ್ರೆ ವಾಸನೆ ಇತ್ತು, ಡಾಕ್ಟರ್ ಚೀಟಿಲಿ ಬರೆಯೋ ಥರ. ಟೊಂಗ್‌ಝಿ ಅಂದ್ರೆ ಗೌರವ ಇದೆ, ಗಂಡಿಗೂ ಆಗುತ್ತೆ ಹೆಣ್ಣಿಗೂ ಆಗುತ್ತೆ, ಜೊತೆಗಿರೋರು ಅನ್ನೋ ಭಾವನೆನೂ ಇದೆ. ನನಗಂತೂ ಇದಕ್ಕಿಂತ ಚೆಂದದ ಪದ ಇನ್ನೊಂದು ಗೊತ್ತಿಲ್ಲ. 2016ರಲ್ಲಿ ಕಮ್ಯುನಿಸ್ಟ್ ಪಾರ್ಟಿ ತನ್ನ ಸದಸ್ಯರಿಗೆಲ್ಲ ಮತ್ತೆ ಟೊಂಗ್‌ಝಿ ಅಂತಾನೇ ಕರ್ಕೊಳ್ಳಿ ಅಂತ ಹೇಳ್ತು, ಅಷ್ಟೊತ್ತಿಗೆ ಹುಡುಗರ ಬಾಯಲ್ಲಿ ಪದದ ಅರ್ಥ ಬದಲಾಗಿ ಹೋಗಿತ್ತು.

ಪ್ರಶ್ನೆ: ಇದೆಲ್ಲ ಪಾಶ್ಚಾತ್ಯರಿಂದ ಬಂದಿದ್ದು, ಹಳೇ ಚೀನಾದಲ್ಲಿ ಇರ್ಲಿಲ್ಲ ಅಂತ ನನ್ನ ಫ್ರೆಂಡ್ ವಾದ. ನಿಜನಾ?

ಉತ್ತರ: ಅಲ್ಲ. ಎರಡು ಸಾವಿರ ವರ್ಷದ ಹಿಂದೆ ಹಾನ್ ವಂಶದ ಆಯ್ ಅನ್ನೋ ಚಕ್ರವರ್ತಿ, ಅವನ ಪ್ರೀತಿಯ ದೊಂಗ್ ಶಿಯೆನ್, ಇಬ್ಬರೂ ಮಧ್ಯಾಹ್ನ ಮಲಗಿದ್ರು. ದೊರೆ ಏಳೋಕೆ ನೋಡಿದ್ರೆ ಅಂಗಿಯ ತೋಳು ದೊಂಗ್ ಮೈ ಕೆಳಗೆ ಸಿಕ್ಕಿಕೊಂಡಿದೆ, ಎಳೆದ್ರೆ ಅವನಿಗೆ ಎಚ್ಚರ ಆಗುತ್ತೆ ಅಂತ ತೋಳನ್ನೇ ಕತ್ತರಿಸಿ ಎದ್ದು ಹೋದ. ಇವತ್ತಿಗೂ 'ಕತ್ತರಿಸಿದ ತೋಳು' ಅಂದ್ರೆ ಗಂಡಸರ ನಡುವಿನ ಪ್ರೀತಿ ಅಂತಾನೇ ಅರ್ಥ. ಆದ್ರೆ ಅದನ್ನ ಸುವರ್ಣಯುಗ ಅನ್ಕೋಬೇಡಿ. ದೊಂಗ್‌ಗೆ ಹೆಂಡ್ತಿ ಇದ್ಲು, ದೊರೆ ಸತ್ತ ಕೂಡ್ಲೇ ಅಧಿಕಾರ ಹೋಯ್ತು, ಗಂಡ ಹೆಂಡ್ತಿ ಇಬ್ಬರೂ ಪ್ರಾಣ ಕಳ್ಕೊಂಡ್ರು. ಮದುವೆ ಆಗಿ ವಂಶ ಬೆಳೆಸೋ ಕರ್ತವ್ಯ ಮುಗಿಸಿದ್ರೆ ಮಿಕ್ಕಿದ್ದನ್ನ ಜನ ಅಷ್ಟಾಗಿ ಕೇಳ್ತಿರ್ಲಿಲ್ಲ, ಅಷ್ಟೇ.

ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ): ಪಾಪ, ನರಕ ಅಂತ ಹೆದರಿಸೋ ಧರ್ಮದ ಹಿಡಿತ ಅಲ್ಲಿ ಅಷ್ಟಿಲ್ವಲ್ಲ, ಮತ್ಯಾಕೆ ಕಷ್ಟ?

ಉತ್ತರ: ಕಷ್ಟ ಇರೋದು ಮನೇಲಿ. ತಂದೆತಾಯಿಗೆ ಮಾಡೋ ದ್ರೋಹ ಮೂರು, ಅದರಲ್ಲಿ ಸಂತಾನ ಇಲ್ಲದಿರೋದೇ ದೊಡ್ಡದು ಅಂತ ಕನ್‌ಫ್ಯೂಶಿಯಸ್ ಪರಂಪರೆಯ ಹಳೇ ಚಿಂತಕ ಮೆನ್ಸಿಯಸ್ ಹೇಳಿದ್ದು ಇವತ್ತಿಗೂ ಬಾಯಿಪಾಠ. ಅದರ ಮೇಲೆ ಒಂದೇ ಮಗು ಕಾನೂನು ದಶಕಗಟ್ಟಲೆ ಇತ್ತು, ಇರೋನೊಬ್ಬನೇ ಮಗ ಮದುವೆ ಬೇಡ ಅಂದ್ರೆ ಆ ಅಪ್ಪ ಅಮ್ಮನಿಗೆ ಹೇಗಾಗ್ಬೇಡ. ಚೀನಾದಲ್ಲಿ 1997ರಲ್ಲಿ ಸಲಿಂಗಿಗಳನ್ನ ಹಿಡಿಯೋಕೆ ಬಳಸ್ತಿದ್ದ ಗೂಂಡಾಗಿರಿ ಸೆಕ್ಷನ್ ಹೋಯ್ತು, 2001ರಲ್ಲಿ ಮಾನಸಿಕ ಕಾಯಿಲೆಗಳ ಪಟ್ಟಿಯಿಂದಲೂ ಹೆಚ್ಚುಕಮ್ಮಿ ತೆಗೆದ್ರು, ಆದ್ರೆ ಊಟದ ಟೇಬಲ್ ಮುಂದೆ ಅದ್ಯಾವುದೂ ನಡೆಯಲ್ಲ. ಅದಕ್ಕೇ 'ಶಿಂಗ್‌ಹುನ್' ಅಂತ ಒಂದು ವ್ಯವಸ್ಥೆ, ಹೆಸರಿಗೊಂದು ಮದುವೆ. ಗೇ ಹುಡುಗ, ಲೆಸ್ಬಿಯನ್ ಹುಡುಗಿ ಮಾತಾಡ್ಕೊಂಡು ಮದುವೆ ಆಗ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿ ಊಟ ಹುಡುಗನ ಮನೇಲಿ, ಎರಡನೇ ದಿನ ಹುಡುಗಿ ತವರಲ್ಲಿ, ಇಬ್ಬರ ನಿಜವಾದ ಸಂಗಾತಿಗಳು ಆ ರಾತ್ರಿ ಬೇರೆಲ್ಲೋ. ಇದಕ್ಕಿಂತ ನೋವಿನದ್ದು 'ಟೊಂಗ್‌ಚಿ'ಗಳ ಕಥೆ, ಗಂಡ ಗೇ ಅಂತ ಗೊತ್ತಿಲ್ಲದೇ ಮದುವೆ ಆದ ಹೆಂಗಸರು. ಆ ಹೆಣ್ಣುಮಕ್ಕಳ ಬಗ್ಗೆ ಮಾತಾಡದೇ ಈ ವಿಷಯ ಮಾತಾಡೋದು ಸರಿಯಲ್ಲ ಅನ್ಸುತ್ತೆ ನನಗೆ.

ಸಲಿಂಗಿಗಳಿಗೆ ಮದುವೆ ಹಕ್ಕು ಚೀನಾದಲ್ಲಿಲ್ಲ. 2016ರಲ್ಲಿ ಚಾಂಗ್‌ಶಾ ಕೋರ್ಟಿಗೆ ಹೋದ ಜೋಡಿಗೆ ಆಗಲ್ಲ ಅಂದ್ರು. ಆದ್ರೆ 2017ರಿಂದ ಯಾವುದೇ ವಯಸ್ಕರು ಮುಂದೆ ತಮಗೆ ಬುದ್ಧಿ ಸ್ಥಿಮಿತದಲ್ಲಿ ಇಲ್ಲದೇ ಹೋದ್ರೆ ಯಾರು ನೋಡ್ಕೋಬೇಕು ಅಂತ ಮೊದಲೇ ಬರೆದಿಡಬಹುದು, ರಕ್ತಸಂಬಂಧ ಇರ್ಲೇಬೇಕು ಅಂತಿಲ್ಲ. ಆಪರೇಷನ್ನಿಗೆ ಮನೆಯವರ ಸಹಿ ಕೇಳೋ ದೇಶದಲ್ಲಿ ಹತ್ತು ವರ್ಷ ಜೊತೆಗಿದ್ದವರು ಹೊರಗೆ ನಿಲ್ಲಬಾರದು ಅಂತ ಎಷ್ಟೋ ಜೋಡಿಗಳು ನೋಟರಿ ಹತ್ರ ಹೋಗಿ ಇದನ್ನ ಮಾಡಿಸ್ಕೊಳ್ತಾರೆ. ಹಾಂಗ್‌ಕಾಂಗ್‌ನಲ್ಲಿ 2023ರಲ್ಲಿ ಅಂತಿಮ ಕೋರ್ಟು ಇಂಥ ಜೋಡಿಗಳಿಗೆ ಏನಾದ್ರೂ ಕಾನೂನು ಮಾನ್ಯತೆ ಕೊಡಿ ಅಂತು, ಸರ್ಕಾರ ತಂದ ಮಸೂದೆನ 2025ರಲ್ಲಿ ಶಾಸನಸಭೆ ಬೀಳಿಸ್ತು.

ತೈವಾನ್ ಬೇರೆ ದಾರಿ. ಛಿ ಛಿಯಾ-ವೇ 1986ರಲ್ಲೇ ಬಹಿರಂಗವಾಗಿ ನಾನು ಗೇ ಅಂದವರು, ಅವರ ಅರ್ಜಿ ಮೇಲೇ 2017ರಲ್ಲಿ ಒಂದೇ ಲಿಂಗದವರಿಗೂ ಮದುವೆ ಹಕ್ಕು ಇರಬೇಕು ಅಂತ ಸಂವಿಧಾನ ಕೋರ್ಟಿನ ತೀರ್ಪು ಬಂತು. 2018ರ ಜನಮತದಲ್ಲಿ ಜನ ಬೇಡ ಅಂದ್ರೂ ತೀರ್ಪು ತೀರ್ಪೇ ಅಂತ ಪ್ರತ್ಯೇಕ ಕಾಯ್ದೆ ಮಾಡಿದ್ರು, 2019ರ ಮೇ 24ರಿಂದ ಮದುವೆ ರಿಜಿಸ್ಟರ್ ಶುರುವಾಯ್ತು, ಏಷ್ಯಾದಲ್ಲೇ ಮೊದಲು. ಅವತ್ತು ಜೋಡಿಗಳು ಹೊಸ ಐಡಿ ಕಾರ್ಡ್ ಹಿಡ್ಕೊಂಡು ಕ್ಯಾಮೆರಾಗೆ ತೋರಿಸಿದ್ರು. ಆ ಕಾರ್ಡಿನ ಹಿಂದೆ ಅಪ್ಪನ ಹೆಸರು, ಅಮ್ಮನ ಹೆಸರು, ಪಕ್ಕದಲ್ಲೇ ಸಂಗಾತಿ ಹೆಸರಿಗೊಂದು ಜಾಗ ಇರುತ್ತೆ, ಅವರು ತೋರಿಸಿದ್ದು ಆ ಜಾಗನೇ.