ಹಿಂಬದಿ ಸೀಟಿಲ್ಲದ ರೋಡ್‌ಕಿಂಗ್: ತೀರ್ಥಹಳ್ಳಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೆ,

ನಮಸ್ಕಾರ. ಕೆಫೆ ರೇಸರ್ ರೂಪಕ್ಕೆ ಮಾರ್ಪಡಿಸಿದ ಯೆಜ್ಡಿ ಬೈಕಿನ ಚಿತ್ರವನ್ನು ಕಳೆದ ಸಂಚಿಕೆಯ ಮುಖಪುಟದಲ್ಲಿ ನೋಡಿ ನೀವು ಬರೆದ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. 1984ರಲ್ಲಿ ಕೊಂಡ ನಿಮ್ಮ ಯೆಜ್ಡಿ ರೋಡ್‌ಕಿಂಗನ್ನು ಮಗನಿಗೆ ಒಪ್ಪಿಸಿದ ಮೇಲೆ ಅವರು ಬೆಂಗಳೂರಿನ ಗ್ಯಾರೇಜೊಂದರಲ್ಲಿ ಅದನ್ನು ಇದೇ ರೂಪಕ್ಕೆ ತಂದರೆಂದೂ, ಹ್ಯಾಂಡಲ್ ತಗ್ಗಿ, ಮಡ್‌ಗಾರ್ಡ್ ಹೋಗಿ, ಸೀಟು ಒಬ್ಬರದಾಗಿ, ಮೂವತ್ತು ವರ್ಷ ಹಿಂಬದಿ ಸೀಟಿನಲ್ಲಿ ಕುಳಿತು ಕೊಪ್ಪ, ಶೃಂಗೇರಿಗಳಿಗೆ ಓಡಾಡಿದ ನಿಮ್ಮ ಮನೆಯವರಿಗೆ ಈಗ ಅದರ ಮೇಲೆ ಜಾಗವೇ ಇಲ್ಲವೆಂದೂ ತಿಳಿಸಿದ್ದೀರಿ. "ನೋಡುವುದಕ್ಕಷ್ಟೇ ಆಗುವ ವಸ್ತುವನ್ನು ಬೈಕೆಂದು ಏಕೆ ಕರೆಯುತ್ತೀರಿ?" ಎಂಬುದು ನಿಮ್ಮ ಪ್ರಶ್ನೆ. ಅದೇ ಚಿತ್ರವನ್ನು ಮೆಚ್ಚಿ ಬಂದ ಪತ್ರಗಳೂ ಇವೆ. ಅವುಗಳಲ್ಲೊಂದು, ಉಪಯೋಗ ಬೇಕಾದವರು ಸ್ಕೂಟರ್ ಕೊಳ್ಳಲಿ ಎನ್ನುತ್ತದೆ. ಈ ಉತ್ತರ ಅವರಿಗೂ ಸಲ್ಲುತ್ತದೆ, ಆದರೆ ಮುಖ್ಯವಾಗಿ ನಿಮಗೆ.

ಚಂದ ಒಂದು ಕಡೆ, ಉಪಯೋಗ ಇನ್ನೊಂದು ಕಡೆ ಎಂಬುದನ್ನು ನೀವೂ ಅವರೂ ಒಪ್ಪಿಕೊಂಡೇ ಜಗಳವಾಡುತ್ತಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿಯೇ. ಕೆಫೆ ರೇಸರ್ ಚಂದಕ್ಕಾಗಿ ಹುಟ್ಟಿದ ಬೈಕಲ್ಲ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ತೆರೆದು, ಯುದ್ಧದ ಬಾಂಬಿಗೆ ಹಾಳಾಗಿ, 1949ರಲ್ಲಿ ಮತ್ತೆ ಕಟ್ಟಿದ ಏಸ್ ಕೆಫೆಯಂತಹ ಜಾಗಗಳಲ್ಲಿ ಸೇರುತ್ತಿದ್ದ ಐವತ್ತು, ಅರವತ್ತರ ದಶಕದ ಯುವಕರಿಗೆ ಇದ್ದದ್ದು ಒಂದೇ ಗುರಿ: ಗಂಟೆಗೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ವೇಗವನ್ನು ಮುಟ್ಟುವುದು. ಆ ವೇಗಕ್ಕೆ ಬೇಡವಾದದ್ದನ್ನು ಬಿಚ್ಚಿಟ್ಟರು, ಬೇಕಾದದ್ದನ್ನು ಜೋಡಿಸಿದರು. ಇಂದು ನಾವು ಶೈಲಿ ಎಂದು ಕರೆಯುವುದೆಲ್ಲ ಹಾಗೆ ಬಿಚ್ಚಿದ, ಜೋಡಿಸಿದ ಕೆಲಸದ ಗುರುತುಗಳು.

ಆ ಕಾಲದ ಅತ್ಯಂತ ಹೆಸರಾದ ಟ್ರೈಟನ್ ಬೈಕನ್ನೇ ತೆಗೆದುಕೊಳ್ಳಿ. ಟ್ರಯಂಫ್ ಕಂಪನಿಯ ಎರಡು ಸಿಲಿಂಡರಿನ ಎಂಜಿನ್ ಚುರುಕಾಗಿತ್ತು. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್‌ಲೆಸ್ ಸಹೋದರರು ರೂಪಿಸಿ, 1950ರಲ್ಲಿ ನಾರ್ಟನ್ ಕಂಪನಿ ರೇಸಿಗೆ ಇಳಿಸಿದ ಫೆದರ್‌ಬೆಡ್ ಎಂಬ ಚಾಸಿ, ಅಂದರೆ ಬೈಕಿನ ಕೊಳವೆಗಳ ಚೌಕಟ್ಟು, ತಿರುವುಗಳಲ್ಲಿ ಅಲುಗದೆ ನಿಲ್ಲುತ್ತಿತ್ತು. ಇವೆರಡು ಒಂದಾಗುವುದಕ್ಕೆ ಇನ್ನೊಂದು ಕಾರಣವೂ ಒದಗಿತು. 500 ಸಿಸಿಯ ಪುಟ್ಟ ರೇಸ್ ಕಾರುಗಳನ್ನು ಕಟ್ಟುವವರಿಗೆ ನಾರ್ಟನ್ ಮ್ಯಾಂಕ್ಸ್ ಬೈಕಿನ ಎಂಜಿನ್ ಬೇಕಿತ್ತು. ಕಂಪನಿ ಎಂಜಿನನ್ನು ಬಿಡಿಯಾಗಿ ಮಾರದೆ ಇದ್ದುದರಿಂದ ಅವರು ಇಡೀ ಬೈಕನ್ನು ಕೊಂಡು, ಎಂಜಿನ್ ಕಳಚಿಕೊಂಡು, ಉಳಿದದ್ದನ್ನು ಮಾರಿಬಿಡುತ್ತಿದ್ದರು. ಹಾಗೆ ಉಳಿದ ಚಾಸಿಗಳಿಗೆ ಟ್ರಯಂಫ್ ಎಂಜಿನ್ ಕೂತಿತು. ಇದು ಕೈಯಲ್ಲಿ ಹೆಚ್ಚು ಹಣವಿಲ್ಲದವರ ಕಸುಬುದಾರಿಕೆ. ಇದನ್ನು ಬರಿಯ ಷೋಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ನಿಮ್ಮ ಮಗನ ಬೈಕು ಓಡಿಸಿದಾಗ ನಿಮ್ಮ ಮಣಿಕಟ್ಟು ನೋಯುವುದೇಕೆ? ಕ್ಲಿಪ್-ಆನ್ ಹ್ಯಾಂಡಲ್ ಮುಂದಿನ ಫೋರ್ಕಿನ ಕೊಳವೆಗಳನ್ನೇ ಬಿಗಿದು ಹಿಡಿದು ಕೆಳಗೆ ಕೂರುತ್ತದೆ. ಸವಾರ ಮುಂದಕ್ಕೆ ಬಾಗುತ್ತಾನೆ, ಮೈಯ ಭಾರ ಅಂಗೈಗೆ ಇಳಿಯುತ್ತದೆ. ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿದಾಗ ಎದುರುಗಾಳಿ ಎದೆಯನ್ನು ಮೇಲಕ್ಕೆ ಒತ್ತಿ ಹಿಡಿಯುವುದರಿಂದ ಆ ಭಾರ ಹಗುರಾಗುತ್ತದೆ. ಆ ಭಂಗಿಯ ಲೆಕ್ಕಾಚಾರದಲ್ಲಿ ಗಾಳಿಯೂ ಒಂದು ಪಾಲು. ಇಪ್ಪತ್ತೈದರ ವೇಗದಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಆ ಗಾಳಿಯೇ ಇರುವುದಿಲ್ಲ, ಭಾರವೆಲ್ಲ ಕೈಯ ಮೇಲೆ ಉಳಿಯುತ್ತದೆ. ಇಂತಹ ಬೈಕೊಂದನ್ನು ನಾನೇ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಓಡಿಸಿದ್ದೇನೆ. ಹೆದ್ದಾರಿಯ ಉದ್ದಕ್ಕೂ ಸಂತೋಷವಾಗಿಯೇ ಇತ್ತು. ಆದರೆ ನೆಲಮಂಗಲ ದಾಟುವ ಮೊದಲಿನ ಒಂದು ಗಂಟೆ ಮತ್ತು ಕೊನೆಯ ತಿರುವುಗಳ ದಾರಿ ಎರಡು ದಿನ ಬೆರಳು ಮರಗಟ್ಟುವಂತೆ ಮಾಡಿದವು. ಹ್ಯಾಂಡಲ್ ಟ್ಯಾಂಕಿಗೆ ತಾಗದಂತೆ ಅದರ ತಿರುಗಾಟವನ್ನು ಕಡಿಮೆ ಮಾಡಿದ್ದರಿಂದ ಊರೊಳಗೆ ಬೈಕು ತಿರುಗಿಸಲು ಎರಡು ಸಲ ಇಳಿದು ತಳ್ಳಬೇಕಾಯಿತು. ಹ್ಯಾಂಡಲಿನಲ್ಲಿ ದೋಷವಿರಲಿಲ್ಲ, ನಾನು ಓಡಿಸಿದ ದಾರಿಗಾಗಿ ಅದು ಹುಟ್ಟಿದ್ದಲ್ಲ, ಅಷ್ಟೆ.

ರೋಡ್‌ಕಿಂಗ್ ವಿಷಯದಲ್ಲಿ ಮಾತು ಇನ್ನೂ ಸೂಕ್ಷ್ಮವಾಗುತ್ತದೆ, ಏಕೆಂದರೆ ಅದು ಟು-ಸ್ಟ್ರೋಕ್ ಬೈಕು. ಸೈಡ್ ಬಾಕ್ಸುಗಳನ್ನು ತೆಗೆದು ಚಾಸಿಯ ನಡುಭಾಗವನ್ನು ಖಾಲಿ ಕಾಣಿಸಬೇಕೆಂಬ ಆಸೆಯಿಂದ ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು, ಕಾರ್ಬುರೇಟರಿನ ಬಾಯಿಗೆ ನೇರವಾಗಿ ಪುಟ್ಟ ಫಿಲ್ಟರ್ ಸಿಕ್ಕಿಸುವುದು ಈಗ ರೂಢಿಯಾಗಿದೆ. ಆಗ ಒಳಗೆ ಹೋಗುವ ಗಾಳಿ ಹೆಚ್ಚುತ್ತದೆ. ಅದಕ್ಕೆ ತಕ್ಕಂತೆ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ ಬದಲಿಸದಿದ್ದರೆ ಗಾಳಿಗೆ ಸಾಕಾಗುವಷ್ಟು ಪೆಟ್ರೋಲ್ ಸೇರುವುದಿಲ್ಲ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಇದರಿಂದ ಕಾವು ಏರುತ್ತದೆ. ರೋಡ್‌ಕಿಂಗಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ ಆದುದರಿಂದ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಸಿಗುವ ಆಯಿಲ್ಲೂ ಕಡಿಮೆಯಾಗುತ್ತದೆ. ಆಗುಂಬೆ ಘಾಟಿ ಏರುವಾಗ ಎಂಜಿನ್ ಸೀಜ್ ಆಯಿತೆಂದು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಂತಿತೆಂದು, ನೀವು ಬರೆದ ಸಂಗತಿಗೆ ಇದೇ ಕಾರಣವಿರಬಹುದು. ಪ್ಲಗ್ ಬಿಚ್ಚಿ ನೋಡಿದರೆ ಅದರ ತುದಿ ಬೆಳ್ಳಗೆ ಸುಟ್ಟಂತಿದೆಯೇ ಎಂಬುದನ್ನು ಗಮನಿಸಿ. ಸೈಲೆನ್ಸರ್ ಕೂಡ ಹಾಗೆಯೇ. ಟು-ಸ್ಟ್ರೋಕ್ ಎಂಜಿನ್ನಿನ ಸೈಲೆನ್ಸರಿನ ಉದ್ದ ಮತ್ತು ಒಳಗಿನ ಆಕಾರಗಳು ಒತ್ತಡದ ಅಲೆಯನ್ನು ಹಿಂದಿರುಗಿಸಿ, ಹೊರಗೆ ನುಸುಳುವ ಹೊಸ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತವೆ. ಅದನ್ನು ಗಿಡ್ಡ ಮಾಡಿದರೆ ಸದ್ದು ಹೆಚ್ಚುತ್ತದೆ, ಎಳೆತ ತಗ್ಗುತ್ತದೆ. ಇನ್ನು, ಕಾಲಿಡುವ ಪೆಗ್ಗನ್ನು ಹಿಂದಕ್ಕೆ ಒಯ್ಯುವ ಮೊದಲು ಈ ಬೈಕಿನಲ್ಲಿ ಗೇರ್ ಲಿವರೇ ಕಿಕ್ಕರ್ ಎಂಬುದನ್ನು ನೆನೆಯಬೇಕಿತ್ತು. ಕಿಕ್ಕರ್ ಇಳಿಯುವ ದಾರಿಯಲ್ಲೇ ಪೆಗ್ ಕೂರಿಸಿದರೆ ಬೈಕು ಸ್ಟಾರ್ಟ್ ಮಾಡುವುದೇ ಒಂದು ಪಾಡು.

ಮಡ್‌ಗಾರ್ಡಿನ ಮಾತಿನಲ್ಲಿ ನಾನು ಪೂರ್ತಿಯಾಗಿ ನಿಮ್ಮ ಪಕ್ಷ. ಮಲೆನಾಡಿನ ಮಳೆಯಲ್ಲಿ ಹಿಂದಿನ ಚಕ್ರ ಎಬ್ಬಿಸುವ ಕೆಸರು ಸವಾರನ ಬೆನ್ನನ್ನು ಮಾತ್ರವಲ್ಲ, ತೆರೆದಿಟ್ಟ ಆ ಫಿಲ್ಟರನ್ನೂ ವೈರಿಂಗನ್ನೂ ಹುಡುಕಿಕೊಂಡು ಹೋಗುತ್ತದೆ. ಹಿಂದೆ ಕೂರುವವರ ಹಿಡಿಕೆ, ಕಾಲಿಡುವ ಪೆಗ್ಗು, ಸೀರೆ ಗಾರ್ಡು ಇವು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಕೇಳುವ ರಕ್ಷಣೆಗಳು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟಿದ್ದ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಇಬ್ಬರ ಸೀಟು ಒಬ್ಬರದಾದರೆ ಆರ್‌ಸಿಯ ಆಸನ ಸಂಖ್ಯೆಯೇ ಸುಳ್ಳಾಗುತ್ತದೆ. 2019ರ ತಿದ್ದುಪಡಿಯ ನಂತರ ಇಂತಹ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಆ ಮುಖಪುಟದ ಬೈಕಿನ ಬಗೆಗಿನ ನಮ್ಮ ಲೇಖನದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಬಣ್ಣದ ಬಗೆಗೆ ಒಂದು ಪುಟ ಬರೆದು ಕಾನೂನನ್ನೂ ಮಳೆಯನ್ನೂ ಬಿಟ್ಟದ್ದು ತಪ್ಪು. ಆ ತಪ್ಪು ನನ್ನದು, ಲೇಖಕರದಲ್ಲ.

ಆದರೂ ನಿಮ್ಮ ಮಗನ ಪರವಾಗಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಾಗದು. ಆರು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದ ಬೈಕನ್ನು ಹೊರಗೆ ತಂದವರು ಅವರೇ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಟ್ಯಾಂಕಿನಿಂದ ಸೀಟಿನ ತುದಿಯವರೆಗೆ ಒಂದೇ ಗೆರೆಯಾಗಿ ಸಾಗುವ ಬೈಕನ್ನು ಕಂಡು ಮನಸ್ಸು ಸೋಲುವುದು ಅಪರಾಧವಲ್ಲ; ನನ್ನದೂ ಸೋಲುತ್ತದೆ. ಆ ಗೆರೆಯನ್ನೂ ಸಂಸಾರವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಗುತ್ತದೆ ಎನ್ನುವುದಕ್ಕೆ ರಾಯಲ್ ಎನ್‌ಫೀಲ್ಡ್ 2018ರಲ್ಲಿ ತಂದ ಕಾಂಟಿನೆಂಟಲ್ ಜಿಟಿ 650 ಸಾಕ್ಷಿ. ಅದರಲ್ಲಿ ಕ್ಲಿಪ್-ಆನ್ ಇದೆ, ಆದರೆ ತೀರ ತಗ್ಗಿಲ್ಲ. ಮಡ್‌ಗಾರ್ಡ್ ಇದೆ, ಇಬ್ಬರು ಕೂರುವ ಸೀಟೂ ಇದೆ. ನಿಮ್ಮ ಮಗ ಮೆಚ್ಚಿದ ರೂಪವನ್ನು ಬೋಲ್ಟಿನಿಂದಲೇ ಸಾಧಿಸಬಹುದಿತ್ತು, ಚಾಸಿಯನ್ನು ಕತ್ತರಿಸಲು ಗ್ಯಾಸ್ ಕಟರ್ ಬೇಕಿರಲಿಲ್ಲ. ನನ್ನ ಆಕ್ಷೇಪವೆಲ್ಲ ಆ ಕಟರಿನ ಮೇಲೆಯೇ. ಯೆಜ್ಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿ ಹೆಸರಿನ ಹೊಸ ಬೈಕುಗಳು ಈಗ ಬಂದಿರಬಹುದು, ಆದರೆ ನಿಮ್ಮ ರೋಡ್‌ಕಿಂಗಿನ ಚಾಸಿ ಇನ್ನೆಲ್ಲಿಯೂ ತಯಾರಾಗುವುದಿಲ್ಲ. ಬಿಚ್ಚಿದ್ದನ್ನು ಮತ್ತೆ ಕೂರಿಸಬಹುದು, ಕತ್ತರಿಸಿದರೆ ಹೋದಂತೆಯೇ.

ನಿಮ್ಮ ಕೊನೆಯ ಪ್ರಶ್ನೆ, ಮನೆಯವರು ಮತ್ತೆ ಆ ಬೈಕಿನಲ್ಲಿ ಕೂರುವಂತೆ ಮಾಡಲಾದೀತೇ ಎಂಬುದು. ಸೀಟು ಎತ್ತಿ ನೋಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿಯುವ ಜಾಗದ ಹಿಂದಿನ ತುದಿಯನ್ನು ಮಾತ್ರ ಕತ್ತರಿಸಿದ್ದರೆ, ಚಾಸಿ ಕೆಲಸದಲ್ಲಿ ಪಳಗಿದ ವೆಲ್ಡರ್ ಒಳಗೊಂದು ಕೊಳವೆ ತೂರಿಸಿ ಅದನ್ನು ಭದ್ರವಾಗಿ ಕೂಡಿಸಬಲ್ಲರು. ಹಳೆಯ ಸೀಟು, ಹಿಡಿಕೆ, ಮಡ್‌ಗಾರ್ಡ್ ಮೂರೂ ಮರಳಿ ಕೂರುತ್ತವೆ. ಶಾಕ್ ಅಬ್ಸಾರ್ಬರಿನ ಜಾಗವನ್ನೇ ಮುಂದಕ್ಕೆ ಸರಿಸಿದ್ದರೆ ಮಾತ್ರ, ಅದನ್ನು ಮೊದಲಿನ ಜಾಗಕ್ಕೆ ತರುವವರೆಗೆ ಯಾರನ್ನೂ ಹಿಂದೆ ಕೂರಿಸಬೇಡಿ. ಎಡಬಲಗಳಿಂದ ಒಂದೊಂದು, ಸೀಟಿನ ಕೆಳಗಿನಿಂದ ಒಂದು ಚಿತ್ರ ತೆಗೆದು ಕಳಿಸಿದರೆ, ಯೆಜ್ಡಿಯನ್ನು ಬಲ್ಲ ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ ಬರೆಯುತ್ತೇನೆ. ಕತ್ತರಿಸಿ ತೆಗೆದ ಆ ತುಂಡು ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ, ಗುಜರಿಗೆ ಹೋಗುವ ಮೊದಲೇ ತಂದಿಡುವಂತೆ ಇಂದೇ ಮಗನಿಗೆ ಫೋನ್ ಮಾಡಿ ಹೇಳಿ.

ಇಂತಿ ನಿಮ್ಮ,
ಸಂಪಾದಕ