ಮಗು ತಿರುಗಿ ನೋಡದ ಬೆಳಿಗ್ಗೆ

ಶಾಲೆ ಶುರುವಾಗುವ ತಿಂಗಳಲ್ಲಿ ಆಪ್ತಸಲಹೆಗೆ ಬರುವ ತಾಯಂದಿರ ದೂರು ಹೆಚ್ಚುಕಡಿಮೆ ಒಂದೇ: ‘ಮಗು ಗೇಟಿನಲ್ಲಿ ಅಳುತ್ತೆ, ಏನು ಮಾಡಲಿ?’ ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಮಗು ಅಳು ನಿಲ್ಲಿಸಿದ ಮೇಲೂ ಬರುವವರಿದ್ದಾರೆ. ಅವರೂ ‘ಮಗು ಅಳುತ್ತೆ’ ಎಂದೇ ಮಾತು ತೆಗೆಯುತ್ತಾರೆ, ಬಂದ ಕಾರಣ ಹೊರಬೀಳಲು ಎರಡು ಮೂರು ಭೇಟಿ ಹಿಡಿಯುತ್ತದೆ. ಪ್ರತಿ ವರ್ಷ ಇಂಥವರು ಸಿಗುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಮಗನಿಗೆ 3 ವರ್ಷ 4 ತಿಂಗಳು. ಅವನು ಹುಟ್ಟಿದಂದಿನಿಂದ ಆಕೆ ಕೆಲಸ ಬಿಟ್ಟು ಮನೆಯಲ್ಲಿದ್ದರು. ಗಂಡ ಬೆಳಿಗ್ಗೆ ಬೇಗ ಹೊರಡುವವರು. ಹಿನ್ನೆಲೆ ಇಷ್ಟು ಸಾಕು.

ಮೊದಲ ಭೇಟಿಯಲ್ಲಿ ಬೆಳಗಿನ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಕೇಳಿದೆ. ಮಗುವನ್ನು ಗೇಟಿನವರೆಗೆ ಎತ್ತಿಕೊಂಡೇ ಹೋಗುತ್ತಿದ್ದರು. ಶಿಕ್ಷಕಿ ತೋಳಿನಿಂದ ಎಳೆದುಕೊಳ್ಳಬೇಕು. ಆಮೇಲೆ ನಾಲ್ಕೈದು ಮುತ್ತು, ‘ಅಮ್ಮ ಇಲ್ಲೇ ಹೊರಗಡೆ ಇರ್ತಾಳೆ’ ಎಂಬ ಮಾತು, ಮಗು ಅತ್ತ ತಿರುಗಿದ ಕೂಡಲೇ ಸದ್ದಿಲ್ಲದೆ ಜಾರಿಕೊಳ್ಳುವುದು. ಒಟ್ಟು 12 ನಿಮಿಷ.

ತೋಳಿನಿಂದ ತೆಗೆದುಕೊಂಡದ್ದು ಮಗುವಿಗೆ ಕಿತ್ತುಕೊಂಡಂತೆಯೇ. ಅದಕ್ಕೇ ಗೇಟು ಇನ್ನೂ 20 ಹೆಜ್ಜೆ ಇರುವಾಗಲೇ ಕೆಳಗಿಳಿಸಿ ನಡೆಸಬೇಕು. ಶಿಕ್ಷಕಿ ಮಗುವಿನ ಎತ್ತರಕ್ಕೆ ಬಗ್ಗಿ ಒಂದು ಕೈ ಹಿಡಿದ ಮೇಲಷ್ಟೇ ತಾಯಿ ಇನ್ನೊಂದು ಕೈ ಬಿಡಬೇಕು. ‘ಹೊರಗಡೆ ಇರ್ತಾಳೆ’ ಎಂಬ ಸುಳ್ಳು ನಂಬಿದ ಮಗು ಆಟಕ್ಕೆ ಕೂರುವುದಿಲ್ಲ, ಕಿಟಕಿ ಬಿಟ್ಟು ಕದಲುವುದಿಲ್ಲ. ಕದ್ದು ಹೋಗುವುದಂತೂ ಎಲ್ಲಕ್ಕಿಂತ ದುಬಾರಿ. ಕಣ್ಣು ತಪ್ಪಿದರೆ ಅಮ್ಮ ಮಾಯ ಎಂಬ ಪಾಠ ಒಂದೇ ದಿನದಲ್ಲಿ ಕಲಿತ ಮಗು, ಮರುದಿನದಿಂದ ಮನೆಯಲ್ಲೂ ಬಚ್ಚಲ ಬಾಗಿಲವರೆಗೆ ಹಿಂಬಾಲಿಸುತ್ತದೆ.

ಬೀಳ್ಕೊಡುಗೆ ಒಂದು ನಿಮಿಷದೊಳಗೆ ಮುಗಿಯಬೇಕು, ದಿನವೂ ಅದೇ ಮಾತಿನಲ್ಲಿ. ಮೂರು ವರ್ಷದ ಮಗುವಿಗೆ ‘ಹನ್ನೊಂದೂವರೆಗೆ ಬರ್ತೀನಿ’ ಎಂದರೆ ಏನೂ ಅಲ್ಲ. ಬಿಡುವ ಮುಂಚೆ ತರಗತಿಯಲ್ಲಿ ಕೊನೆಗೆ ನಡೆಯುವುದೇನು ಎಂದು ಶಿಕ್ಷಕಿಯನ್ನು ಕೇಳಿಕೊಳ್ಳಿ. ಈ ಮಗುವಿಗೆ ಅದು ಕಥೆಯ ಹೊತ್ತು. ಹಾಗಾಗಿ: ‘ಕಥೆ ಮುಗಿದು ಬ್ಯಾಗ್ ಹಾಕ್ಕೊಂಡ ಮೇಲೆ ಅಮ್ಮ ಬರ್ತಾಳೆ.’ ಒಂದು ಅಪ್ಪುಗೆ, ಆಮೇಲೆ ಹೊರಡುವುದು. ಮೊದಲ ಎರಡು ವಾರ ಕರೆತರಲು ಐದು ನಿಮಿಷ ಮುಂಚೆಯೇ ಹೋಗಿ ನಿಲ್ಲಬೇಕು. ಉಳಿದ ಮಕ್ಕಳೆಲ್ಲ ಹೊರಟು ತಾನೊಬ್ಬನೇ ಉಳಿದ ಹತ್ತು ನಿಮಿಷವನ್ನು ಮಗು ಬಹಳ ದಿನ ನೆನಪಿಡುತ್ತದೆ.

ಶಾಲೆ ಒಪ್ಪುವುದಾದರೆ ಇದಕ್ಕೂ ಮುಂಚಿನ ಒಂದು ಹಂತವಿದೆ. ಪುಟ್ಟ ಮಕ್ಕಳನ್ನು ಶಿಶುವಿಹಾರಕ್ಕೆ ಮೆಲ್ಲಗೆ ಒಗ್ಗಿಸಲು 1980ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಬರ್ಲಿನ್ ಮಾದರಿಯಲ್ಲಿ ಮೊದಲ ಮೂರು ದಿನ ಪೋಷಕರು ಒಂದೊಂದು ಗಂಟೆ ಮಗುವಿನ ಜೊತೆಯಲ್ಲೇ ಕೂರುತ್ತಾರೆ, ಅಗಲಿಕೆ ಇಲ್ಲವೇ ಇಲ್ಲ. ನಾಲ್ಕನೆಯ ದಿನ ಮೊದಲ ಪ್ರಯತ್ನ, ಅದೂ ಹೆಚ್ಚೆಂದರೆ 30 ನಿಮಿಷ. ಆ ದಿನ ಸೋಮವಾರವಾಗಿದ್ದರೆ ಮುಂದೂಡುತ್ತಾರೆ, ಏಕೆಂದರೆ ಎರಡು ದಿನ ಮನೆಯಲ್ಲಿದ್ದ ಮಗುವಿಗೆ ಸೋಮವಾರವೇ ಕಷ್ಟ. ಇವರ ಶಾಲೆ ಇದನ್ನು ಒಪ್ಪಲಿಲ್ಲ.

ಹೊರಡುವ ಮುನ್ನ ಆಕೆ, ‘ನನ್ನದೊಂದು ಕರ್ಚೀಫ್ ಅವನ ಜೇಬಲ್ಲಿ ಇಡಲಾ?’ ಎಂದು ಕೇಳಿದರು. ಜೊತೆಗೆ ಏನು ಒಯ್ಯಬೇಕೆಂಬ ಆಯ್ಕೆ ಅವನದಾಗಲಿ, ಅವನೇ ಕೇಳಿದರೆ ಕೊಡಿ ಎಂದೆ. ಅವನು ಮೂರೇ ಚಕ್ರ ಉಳಿದಿದ್ದ ಒಂದು ಆಟಿಕೆ ಕಾರು ಆರಿಸಿಕೊಂಡ. ಮುಂದಿನ ಭೇಟಿಯಲ್ಲಿ ಆಕೆ ಇದನ್ನು ನಗುತ್ತಲೇ ಹೇಳಿದರು. ಆ ನಗೆಯನ್ನು ನಾನು ಸರಿಯಾಗಿ ಗಮನಿಸಲಿಲ್ಲ.

ಇನ್ನೊಂದು ಕೆಲಸವನ್ನೂ ಹೇಳಿದ್ದೆ. ಮಗು ದಿನಕ್ಕೆ ಎಷ್ಟು ನಿಮಿಷ ಅತ್ತಿತು ಎಂದು ಶಿಕ್ಷಕಿಯಿಂದ ತಿಳಿದು ಬರೆದಿಡಿ ಎಂದು. ಬಿಟ್ಟುಹೋದ ಮೇಲೂ ಮಗು ಹೊತ್ತೆಲ್ಲ ಅಳುತ್ತಿರುತ್ತದೆ ಎಂದು ತಾಯಂದಿರು ಕಲ್ಪಿಸಿಕೊಳ್ಳುತ್ತಾರೆ, ಲೆಕ್ಕ ಸಿಕ್ಕರೆ ಧೈರ್ಯ ಬಂದೀತು ಎಂಬುದು ನನ್ನ ಎಣಿಕೆ. ಅದು ತಪ್ಪಾಯಿತು.

ಮೂರನೆಯ ಭೇಟಿಗೆ ಆಕೆ ತಂದ ಹಾಳೆಯಲ್ಲಿ ಅಂಕಿಗಳು ಹೀಗಿದ್ದವು: 14, 11, 12, 6, 4, 4, 1, 0, 9. ಸೊನ್ನೆಗೆ ಬಂದಿತ್ತು, ಸಂತೋಷವಲ್ಲವೇ ಎಂದೆ. ಆಕೆ ತಲೆಯಾಡಿಸಿದರು. 9ರ ಮೇಲೆ ಬೆರಳಿಟ್ಟು ಅವತ್ತೇನಾಯಿತು ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ.

‘ಅವತ್ತು ನಾನು ಕರೆದೆ.’

‘ಅಂದರೆ?’

‘ಹಿಂದಿನ ದಿನ ತಿರುಗಿ ನೋಡ್ದೇ ಹೋಗಿದ್ದ. ಅವತ್ತೂ ಹಾಗೇ ಹೊರಟ. ಕಾರು ಹಿಡ್ಕೊಂಡ, ಟೀಚರ್ ಕೈ ಹಿಡ್ಕೊಂಡ, ಹೋದ. ಬಾಗಿಲ ಹತ್ರ ಹೋದಾಗ ನಾನು ಹೆಸರು ಹಿಡಿದು ಕರೆದೆ. ಎರಡು ಸಲ. ತಿರುಗಿದ. ನನ್ನ ಮುಖ ನೋಡಿ ಜೋರಾಗಿ ಅತ್ತುಬಿಟ್ಟ.’ ಸ್ವಲ್ಪ ತಡೆದು, ‘ಅವನು ಅತ್ತಾಗ ನಂಗೆ ಸಮಾಧಾನ ಆಯ್ತು. ಎಂಥ ತಾಯಿ ನೋಡಿ ನಾನು.’

ನಾನು ಸುಮ್ಮನಿದ್ದೆ. ಆಕೆ ಮುಂದುವರಿಸಿದರು: ‘ಇನ್ನೊಂದು ಹೇಳ್ಬೇಕು. ಮನೆಗೆ ಬಂದು ಬಾಗಿಲು ಹಾಕಿದಾಗಲೂ ಸಮಾಧಾನ ಆಗುತ್ತೆ. ದಿನಾ. ಯಾರೂ ಕರೀತಿಲ್ಲ, ಯಾರೂ ಮೈಮೇಲೆ ಬೀಳ್ತಿಲ್ಲ ಅಂತ. ಅದು ಇನ್ನೂ ಕೆಟ್ಟದ್ದಲ್ವಾ?’

ಇಂಥ ಕಡೆ ಬಾಯಿಗೆ ಬರುವ ಸುಲಭದ ಮಾತು ‘ಎಲ್ಲ ತಾಯಂದಿರಿಗೂ ಹೀಗೇ ಅನ್ನಿಸುತ್ತೆ’ ಎಂಬುದು. ಮಾತು ಸುಳ್ಳಲ್ಲ. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್, ತಾಯಿಗೆ ತನ್ನ ಕೂಸಿನ ಮೇಲೆ ದ್ವೇಷ ಹುಟ್ಟಲು ಇರುವ ಕಾರಣಗಳನ್ನು 1949ರಲ್ಲೇ ಸಾಲಾಗಿ ಪಟ್ಟಿ ಮಾಡಿ ಪ್ರಕಟಿಸಿದ್ದರು, ಅದೂ ಸಾಮಾನ್ಯ ತಾಯಂದಿರ ಬಗ್ಗೆ. ಆದರೂ ಆ ಮಾತನ್ನು ಆಗ ಆಡಲಿಲ್ಲ. ಹತ್ತು ಜನರ ಸಾಲಿನಲ್ಲಿ ನಿಲ್ಲಿಸಿಬಿಟ್ಟರೆ ಬಾಯಿಗೆ ಬರುತ್ತಿದ್ದುದು ಅಲ್ಲೇ ನಿಲ್ಲುತ್ತದೆ. ಬದಲಿಗೆ, ‘ಎರಡು ಸಮಾಧಾನ ಹೇಳಿದಿರಿ. ಯಾವುದರ ಬಗ್ಗೆ ಮೊದಲು ಮಾತಾಡೋಣ?’ ಎಂದೆ.

ಗೇಟಿನದ್ದನ್ನು ಆರಿಸುತ್ತಾರೆಂದು ನಾನು ತಿಳಿದಿದ್ದೆ. ಆಕೆ ಆರಿಸಿದ್ದು ಮನೆಯ ಬಾಗಿಲಿನದ್ದನ್ನು. ಉಳಿದ ಮುಕ್ಕಾಲು ಗಂಟೆ ಅದರಲ್ಲೇ ಹೋಯಿತು. ಎರಡಕ್ಕೂ ಇದ್ದ ಗಂಟನ್ನು ಕೊನೆಗೆ ಆಕೆಯೇ ಬಿಚ್ಚಿದರು: ‘ಅವನು ಅತ್ರೆ ನಾನು ಅವನಿಗೆ ಬೇಕು ಅಂತಾಯ್ತು. ಬೇಕಾದವಳು ಎರಡು ಗಂಟೆ ಹಾಯಾಗಿದ್ರೆ ಪರವಾಗಿಲ್ಲ. ಅವನೂ ಅಳದೆ, ನಾನೂ ಹಾಯಾಗಿದ್ರೆ, ಮತ್ತೆ ಮಧ್ಯೆ ಉಳಿದದ್ದೇನು?’

ನಾನು ಕೊಟ್ಟ ಹಾಳೆಯ ತಪ್ಪು ಆಗ ಕಾಣಿಸಿತು. ಮಗುವಿನ ಅಳುವನ್ನು ನಿಮಿಷದಲ್ಲಿ ಅಳೆಯಿರಿ ಎಂದು ಹೇಳಿದ್ದೆ. ಆಕೆಗೆ ಅದು ತಾನು ಎಷ್ಟು ಬೇಕು ಎಂಬುದರ ಅಳತೆಯಾಗಿತ್ತು. ಅಂಕಿ ಇಳಿದಂತೆಲ್ಲ ಆಕೆ ಸೋಲುತ್ತಿದ್ದರು. ಹಾಳೆಯನ್ನು ಅಲ್ಲೇ ಮಡಿಸಿಟ್ಟೆವು. ಈಗ ಆ ಕೆಲಸವನ್ನು ಯಾರಿಗೂ ಕೊಡುವುದಿಲ್ಲ. ಶಿಕ್ಷಕಿ ದಿನಕ್ಕೆ ನಾಲ್ಕು ಫೋಟೊ ಕಳಿಸುವುದೂ ನನ್ನ ಪ್ರಕಾರ ಅದೇ ಜಾತಿಯದು. ಫೋಟೊದಲ್ಲಿ ನಗುತ್ತಿದ್ದರೆ ಒಂದು ಚುಚ್ಚು, ನಗದಿದ್ದರೆ ಇನ್ನೊಂದು.

ಕೊಟ್ಟ ಸಲಹೆ ಹೀಗಿತ್ತು. ಗೇಟಿನಲ್ಲಿ ಮಗು ಬಾಗಿಲು ದಾಟುವವರೆಗೆ ಅವನ ಬೆನ್ನನ್ನು ನೋಡುತ್ತ ಹತ್ತು ಉಸಿರು ಎಣಿಸಿ, ಆಮೇಲೆ ಹೊರಡಿ. ಕರೆಯಬೇಕೆನಿಸುವುದನ್ನು ತಡೆಯಬೇಡಿ, ಅದು ತಡೆದರೆ ನಿಲ್ಲುವಂಥದ್ದಲ್ಲ. ಕರೆಯಬೇಡಿ, ಅಷ್ಟೇ. ಅವನಾಗಿ ತಿರುಗಿದರೆ ಕೈ ಬೀಸಿ. ಮನೆಗೆ ಬಂದ ಮೇಲೆ ಮೊದಲ 15 ನಿಮಿಷ ಶಾಲೆಗೆ ಫೋನ್ ಇಲ್ಲ, ಮನೆಗೆಲಸವೂ ಇಲ್ಲ. ಒಂದೇ ಹಾಳೆಯಲ್ಲಿ ಹಗುರವಾದದ್ದನ್ನೂ ಭಾರವಾದದ್ದನ್ನೂ ಬರೆಯಿರಿ. ಷರತ್ತು ಒಂದೇ: ‘ಆದರೆ’ ಎಂಬ ಪದ ಬಳಸಬಾರದು. ‘ಹಾಯೆನಿಸಿತು, ಆದರೆ ಪಾಪ ಅನಿಸಿತು’ ಎಂದು ಬರೆದರೆ ಎರಡನೆಯದು ಮೊದಲನೆಯದನ್ನು ನುಂಗುತ್ತದೆ. ‘ಹಾಯೂ ಎನಿಸಿತು, ಪಾಪವೂ ಎನಿಸಿತು’ ಎಂದರೆ ಎರಡೂ ಪಕ್ಕಪಕ್ಕದಲ್ಲಿ ಕೂರುತ್ತವೆ.

ಮಗು ಮನೆಗೆ ಬಂದ ಮೇಲೆ ‘ಅಮ್ಮನ ನೆನಪಾಯ್ತಾ? ಅತ್ಯಾ?’ ಎಂದು ಕೇಳುವುದನ್ನು ಪೂರ್ತಿ ನಿಲ್ಲಿಸಲು ಹೇಳಿದೆ. ಮಕ್ಕಳು ಜಾಣರು, ಸರಿಯಾದ ಉತ್ತರ ಯಾವುದೆಂದು ಎರಡೇ ದಿನದಲ್ಲಿ ಕಂಡುಕೊಂಡು ಅದನ್ನೇ ಕೊಡತೊಡಗುತ್ತಾರೆ. ಬಂದ ಅರ್ಧ ಗಂಟೆ ಏನೂ ಕೇಳದಿರುವುದೇ ಲೇಸು. ಬೆಳಗಿನಿಂದ ಬಿಗಿಹಿಡಿದಿದ್ದ ಮಗು ಅಮ್ಮನನ್ನು ಕಂಡೊಡನೆ ಚಪ್ಪಲಿ ಬಿಚ್ಚುವ ವಿಷಯಕ್ಕೂ ರಂಪ ಮಾಡೀತು. ಅದನ್ನು ಶಾಲೆ ಬೇಡವೆಂಬ ಅರ್ಜಿಯೆಂದು ಓದಿಕೊಳ್ಳಬಾರದು.

ಈ ಸಲಹೆಗೆ ವೃತ್ತಿಯವರಿಂದಲೇ ಎರಡು ಆಕ್ಷೇಪ ಕೇಳಿದ್ದೇನೆ. ನೋವು ಇಷ್ಟು ಆಳದಲ್ಲಿರುವಾಗ ಗೇಟಿನ ಕವಾಯತು ಯಾಕೆ ಎಂಬುದು ಒಂದು. ಯಾಕೆಂದರೆ ಮಗು ನಾಳೆ ಬೆಳಿಗ್ಗೆಯೂ ಗೇಟಿಗೆ ಹೋಗಬೇಕು, ತಾಯಿಯ ಮನಸ್ಸು ತಿಳಿಯಾಗುವವರೆಗೆ ಅದು ಕಾಯಲಾರದು. 1985ರಲ್ಲಿ ಜೇಮ್ಸ್ ಸೋರ್ಸ್ ಮತ್ತು ಸಂಗಡಿಗರು ಒಂದು ವರ್ಷದ ಕೂಸುಗಳನ್ನು ಗಾಜು ಹಾಸಿದ, ಕೆಳಗೆ ತಗ್ಗಿರುವಂತೆ ಕಾಣುವ ಮೇಜಿನ ಮೇಲೆ ಬಿಟ್ಟು, ಆಚೆ ತುದಿಯಲ್ಲಿ ತಾಯಿಯನ್ನು ನಿಲ್ಲಿಸಿದ್ದರು. ತಾಯಿಯ ಮುಖದಲ್ಲಿ ಸಂತೋಷವಿದ್ದಾಗ 19ರಲ್ಲಿ 14 ಕೂಸುಗಳು ದಾಟಿದವು. ಭಯವಿದ್ದಾಗ 17ರಲ್ಲಿ ಒಂದೂ ದಾಟಲಿಲ್ಲ. ಇದನ್ನು ಹಿಡಿದು ತಾಯಿಯನ್ನು ಕಟಕಟೆಗೆ ಹತ್ತಿಸುವವರಿದ್ದಾರೆ, ನಾನು ಆ ಪೈಕಿಯಲ್ಲ. ದಾರಿ ಸುರಕ್ಷಿತವೋ ಅಲ್ಲವೋ ಎಂದು ಮಗು ಮುಖ ನೋಡಿ ತಿಳಿಯುತ್ತದೆ, ಹಾಗಾಗಿ ತಾನಾಗಿ ದಾಟುತ್ತಿರುವ ಮಗುವಿಗೆ ಆ ಹೊತ್ತಿನಲ್ಲಿ ಮುಖ ತೋರಿಸಬೇಡಿ ಎಂಬುದಷ್ಟೇ ನನ್ನ ಲೆಕ್ಕ. ನಗು ನಟಿಸಿ ಎಂದು ಹೇಳಲಿಲ್ಲ. ನಟನೆ ಉಳಿದ ದಿನವನ್ನೆಲ್ಲ ತಿನ್ನುತ್ತದೆ.

ಇನ್ನೊಂದು ಆಕ್ಷೇಪ, ತಂದೆಯೋ ಅಜ್ಜಿಯೋ ಬಿಟ್ಟುಬಂದರೆ ಮುಗಿಯಿತಲ್ಲ ಎಂಬುದು. ಕೆಲವು ಮನೆಗಳಲ್ಲಿ ಅದೇ ಸರಿ, ಹಲವು ಬಾರಿ ನಾನೇ ಹೇಳಿದ್ದೇನೆ. ಇಲ್ಲಿ ಹೇಳಲಿಲ್ಲ. ಆಕೆ ಆಗಲೇ ತನ್ನನ್ನು ತಾನೇ ಅಪರಾಧಿ ಮಾಡಿಕೊಂಡಿದ್ದರು. ಗೇಟಿನಿಂದ ದೂರವಿರಿ ಎಂದಿದ್ದರೆ ತೀರ್ಪಿಗೆ ನಾನು ಮೊಹರು ಒತ್ತಿದಂತಾಗುತ್ತಿತ್ತು.

ಹತ್ತು ಉಸಿರಿನಿಂದ ತೀರದ ಸಂಗತಿಗಳೂ ಇವೆ. ತಾಯಿಗೆ ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ-ಊಟ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಬೇಕು. ‘ನಾನಿಲ್ಲದಿದ್ದರೇ ವಾಸಿ’ ಎಂಬ ಯೋಚನೆ ಬಂದರೆ ಅಂದೇ. ಹೆರಿಗೆಯ ನಂತರದ ಖಿನ್ನತೆ ಮೊದಲ ವರ್ಷಕ್ಕೇ ಮುಗಿಯಬೇಕೆಂದಿಲ್ಲ. ಮಗು ಮನೆಯಲ್ಲಿರುವಷ್ಟು ದಿನ ಅದು ಕೆಲಸದ ಅಡಿಯಲ್ಲಿ ಮುಚ್ಚಿಹೋಗಿರಬಹುದು. ಅಗಲಿಕೆಯ ಆತಂಕದ ಕಾಯಿಲೆ ಮಕ್ಕಳದ್ದು ಮಾತ್ರವೂ ಅಲ್ಲ. 2013ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿ ಅದು ದೊಡ್ಡವರಲ್ಲೂ ಶುರುವಾಗಬಹುದೆಂದು ಒಪ್ಪಿದೆ. ಮಕ್ಕಳಲ್ಲಿ ಲಕ್ಷಣಗಳು ನಾಲ್ಕು ವಾರ, ದೊಡ್ಡವರಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇದ್ದರೆ ಅದನ್ನು ಕಾಯಿಲೆಯಾಗಿ ಪರಿಗಣಿಸುತ್ತಾರೆ. ಶಾಲೆಯ ದಿನ ಮಾತ್ರ ಬರುವ ಹೊಟ್ಟೆನೋವು ಒಂದು ತಿಂಗಳು ದಾಟಿದರೆ ತೋರಿಸಿ.

ಚೆನ್ನಾಗಿ ಹೊಂದಿಕೊಂಡಿದ್ದ ಮಗು ಒಮ್ಮೆಲೇ ಒಲ್ಲೆನೆಂದರೆ ತಾಯಿಯ ಮನಸ್ಸನ್ನು ಕೆದಕುವುದಲ್ಲ, ಮೊದಲು ಶಾಲೆಯಲ್ಲಿ ಏನಾಯಿತೆಂದು ವಿಚಾರಿಸಬೇಕು. ಪೆಟ್ಟು, ಬೈಗುಳ, ಬಚ್ಚಲಿನ ಭಯ, ಬಲವಂತದ ತುತ್ತು, ಏನೂ ಇರಬಹುದು. ಹೊಸತನದ ಹುರುಪಿನಲ್ಲಿ ಎರಡು ವಾರ ಕುಣಿಯುತ್ತ ಹೋಗಿ ಮೂರನೆಯ ವಾರ ಅಳು ಶುರುಮಾಡುವ ಮಕ್ಕಳೂ ಇದ್ದಾರೆ. ಅದು ಬೇರೆ, ಅದಕ್ಕೆ ಗೇಟಿನ ಕ್ರಮವೇ ಸಾಕು.

ಆರು ವಾರದ ನಂತರ ಆಕೆ ಮತ್ತೆ ಬಂದರು. ನಡುವೆ ಹತ್ತು ದಿನ ರಜೆ ಬಂದಿತ್ತು, ಮಗ ಮತ್ತೆ ಅತ್ತಿದ್ದ. ದೀರ್ಘ ರಜೆಯ ನಂತರ ಇದು ಆಗಿಯೇ ಆಗುತ್ತದೆ. ಮೊದಲ ಹೆಜ್ಜೆಯಿಂದಲೇ ಶುರುಮಾಡಿದರೆ ಸಾಮಾನ್ಯವಾಗಿ ಮೊದಲ ಸಲ ಹಿಡಿದದ್ದರ ಅರ್ಧದಷ್ಟು ದಿನಗಳಲ್ಲೇ ಸರಿಹೋಗುತ್ತದೆ. ಇವನಿಗೆ ನಾಲ್ಕು ದಿನ ಸಾಕಾಗಿತ್ತಂತೆ. ಈ ಸಲ ಒಮ್ಮೆಯೂ ಕರೆಯಲಿಲ್ಲವೆಂದರು. ಕಾರಿಗೆ ಈಗ ಎರಡೇ ಚಕ್ರ. ಆಕೆ ವಾರಕ್ಕೆ ಮೂರು ಬೆಳಿಗ್ಗೆ ಒಂದು ತರಬೇತಿಗೆ ಸೇರಿದ್ದರು. ಜೊತೆಗೆ ತಂದಿದ್ದ ಹಾಳೆಗಳಲ್ಲಿ ಒಂದನ್ನು ಓದಿ ತೋರಿಸಿದರು: ‘ಇವತ್ತು ಬಾಗಿಲ ಹತ್ರ ತಿರುಗಿ ನೋಡ್ದ. ಖುಷಿಯೂ ಆಯ್ತು, ಇವತ್ತೇ ಯಾಕೆ ನೋಡ್ದ ಅಂತ ಸಿಟ್ಟೂ ಬಂತು. ಬಸ್ಸಿಗೆ ಲೇಟಾಗ್ತಿತ್ತು.’