ಆಪ್ತಸಲಹೆ ಪ್ರಕರಣ: ‘ಬೆಂಗಳೂರಿಗೆ ಕರ್ಕೊಂಡು ಬಂದಿದ್ರೆ...’

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಆಕೆಗೆ 44. ಬೆಂಗಳೂರಲ್ಲಿ ಕೆಲಸ. ತಮ್ಮ ದಾವಣಗೆರೆಯಲ್ಲಿ, ಅಮ್ಮನ ಜೊತೆ ಇದ್ದವನು. ಹೋದ ವರ್ಷ ಒಂದು ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಲಕ್ವ ಹೊಡೆಯಿತು. ತಮ್ಮ ಹತ್ತಿರದ ಆಸ್ಪತ್ರೆಗೆ ಸೇರಿಸಿದ. ಒಂಬತ್ತನೇ ದಿನ ಅಮ್ಮ ತೀರಿಕೊಂಡರು. ತಿಥಿ ಊಟಕ್ಕೆ ಕೂತಾಗಲೂ ಅಕ್ಕನದು ಒಂದೇ ಮಾತು: “ಬೆಂಗಳೂರಿಗೆ ಕರ್ಕೊಂಡು ಬಂದಿದ್ರೆ ಉಳೀತಿದ್ರು.” ವರ್ಷದ ತಿಥಿಗೆ ತಮ್ಮ ಫೋನ್ ಮಾಡಲಿಲ್ಲ, ವಾಟ್ಸಾಪಿನಲ್ಲಿ ಕಾರ್ಡ್ ಕಳಿಸಿದ. ಆಗ ಅಕ್ಕ ನನ್ನ ಹತ್ತಿರ ಬಂದರು.

“ಕೇಳಿದ್ದು ತಪ್ಪಾ ಮೇಡಂ?”

ಕೇಳೋದು ತಪ್ಪಲ್ಲ. ಆದರೆ ಇವರು ಉತ್ತರ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದರು. ಹಾಳೆ ಕೊಟ್ಟು, ಆ ರಾತ್ರಿ ತಮ್ಮನಿಗೆ ಗೊತ್ತಿದ್ದಷ್ಟನ್ನೇ ಬರೆಯಿರಿ ಅಂದೆ. ಒಂಬತ್ತನೇ ದಿನದ ಸುದ್ದಿ ಬರೆಯುವ ಹಾಗಿಲ್ಲ. ನಾಲ್ಕೇ ಸಾಲು ಬಂತು. ಅಮ್ಮನ ಬಾಯಿ ಸೊಟ್ಟಗಾಗಿದೆ. ಮಾತು ತೊದಲುತ್ತಿದೆ. ಬೆಂಗಳೂರು ಸುಮಾರು 260 ಕಿಲೋಮೀಟರ್. ಅಕ್ಕನಿಗೆ ಫೋನ್ ಮಾಡಿದ.

ಅಲ್ಲಿ ಪೆನ್ನು ನಿಂತಿತು. ನೀವೇನಂದಿರಿ?

“ನಿಂಗೆ ಸರಿ ಅನ್ಸಿದ್ದು ಮಾಡು ಅಂದೆ... ಅನ್ಸುತ್ತೆ.”

ಅಲ್ಲಿಯವರೆಗೆ “ಅಲ್ಲಿ ಸೇರಿಸೋದು ಬೇಡ ಅಂತ ನಾನು ಅವತ್ತೇ ಅಂದಿದ್ದೆ” ಎನ್ನುತ್ತಿದ್ದರು. ಬೇಕಂತ ಹೇಳಿದ ಸುಳ್ಳಲ್ಲ ಅದು. ಕೊನೆಗೆ ಏನಾಯಿತು ಅಂತ ತಿಳಿದ ಮೇಲೆ ನೆನಪೂ ಆ ಕಡೆಗೇ ವಾಲುತ್ತದೆ. ಬರೂಕ್ ಫಿಶ್‌ಹಾಫ್ ಎಂಬ ಮನೋವಿಜ್ಞಾನಿ 1975ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ಚಿಕಿತ್ಸೆ ಬಗ್ಗೆ ಅನುಮಾನ ಇದ್ದರೆ ಫೈಲ್ ಹಿಡಿದು ನರರೋಗ ತಜ್ಞರನ್ನು ಒಂದು ಸಲ ಕೇಳಿ, ತಮ್ಮನನ್ನಲ್ಲ ಅಂದೆ. ಕೇಳಿದರು. ರಕ್ತ ಹೆಪ್ಪುಗಟ್ಟಿ ಬರುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಂಗಳೂರಿನ ದಾರಿಯಲ್ಲೇ ಅಷ್ಟು ಹೊತ್ತು ಹೋಗುತ್ತಿತ್ತು ಅಂದರಂತೆ ಡಾಕ್ಟರು.

ತಮ್ಮನಿಗೆ ‘ಹಂಗೆ ಮಾಡಿದ್ರೆ’ ಅನ್ನಬೇಡಿ, ‘ಆ ರಾತ್ರಿ ಏನೇನಾಯ್ತು ಹೇಳು’ ಅನ್ನಿ, ನಡುವೆ ಬಾಯಿ ಹಾಕಬೇಡಿ ಅಂತಲೂ ಹೇಳಿದೆ. ಇನ್ನೊಂದು ಮಾತು ಹೇಳೋಕೆ ನನಗೇ ಕಷ್ಟವಾಯಿತು: ನಾನು ಅಲ್ಲಿರಲಿಲ್ಲ ಅನ್ನೋ ನಿಮ್ಮ ಸಂಕಟವನ್ನು ಅವನ ಲೆಕ್ಕಕ್ಕೆ ಬರೆಯುತ್ತಿದ್ದೀರಿ. ಅದನ್ನೇ ನೇರವಾಗಿ ಅವನ ಹತ್ತಿರ ಹೇಳಿಬಿಡಿ.

ಜಾಸ್ತಿ ಹೊತ್ತು ಅತ್ತರು. ಮುಂದಿನ ವಾರ ದಾವಣಗೆರೆಗೆ ಹೋಗಿ ಬಂದರು. ತಮ್ಮ ರಾತ್ರಿ ಒಂದರ ತನಕ ಮಾತಾಡಿದನಂತೆ. ಆಟೋ ಹತ್ತಿಸುವಾಗ ಅಮ್ಮನ ಒಂದು ಚಪ್ಪಲಿ ಬಿದ್ದು ಹೋಗಿತ್ತು. ಬೆಳಗ್ಗೆ ಎದ್ದು ಹುಡುಕಲು ಹೋಗಿದ್ದನಂತೆ.

“ಸಿಕ್ತಾ ಅಂತ ಕೇಳಿದೆ ಮೇಡಂ. ಅದೊಂದೇ ನಾನು ಕೇಳಿದ್ದು.”